ಕೆಂಚನಾಯಕನ ತೇಗದ ಮಂಚ

ಮಾತಿಗೆ ಸುಂಕವಿಲ್ಲ ಅಂತ ಹಿರಿಯರು ಹೇಳಿದ್ದು ಕೆಂಚನಾಯಕನಂಥವರನ್ನು ನೋಡಿಯೇ ಇರಬೇಕು. ಈತ ಹರಳಕೋಟೆಯ ದೊರೆ ಚೆನ್ನಭೂಪಾಲನ ಭಾವಮೈದ. ತಂಗಿ ರಾಣಿಯಾದದ್ದು ಬಿಟ್ಟರೆ ಈತ ಬೇರೆ ಏನನ್ನೂ ಸಾಧಿಸಿದವನಲ್ಲ.

ಒಂದು ದಿನ ಸಭೆಯಲ್ಲಿ ಮೀಸೆ ತೀಡುತ್ತ ಹೇಳಿದ: "ಹೋದ ವರ್ಷಕ್ಕೆ ಹಿಂದಿನ ವರ್ಷ ನನ್ನ ತೋಟದಲ್ಲಿ ತೇಗದ ಸಸಿ ನೆಟ್ಟೆ. ಈಗ ಇಬ್ಬರು ತಬ್ಬಿದರೂ ತೆಕ್ಕೆಗೆ ಸಿಗುವುದಿಲ್ಲ! ನನ್ನ ಕೈಗುಣ ಅಂಥದ್ದು."

"ಹೌದು ಹೌದು, ನಾವೇ ಕಣ್ಣಾರೆ ಕಂಡಿದ್ದೇವೆ" ಎಂದರು ಅವನ ಹಿಂಬಾಲಕರು. ತೋಟದ ಬೇಲಿಯನ್ನೂ ಕಂಡವರಲ್ಲ ಅವರು.

ಕೆಂಚನಾಯಕ ಉಬ್ಬಿಹೋದ. ಅರಮನೆಯ ಬಡಗಿ ಮೌನಾಚಾರಿಯನ್ನು ಕರೆಸಿ, "ಆ ಮರ ಕಡಿದು ನನ್ನ ಮೈಯಳತೆಗೆ ಒಂದು ಮಂಚ ಮಾಡು. ಕಾಲಿಗೆ ಸಿಂಹ, ತಲೆದೆಸೆಗೆ ನವಿಲು. ದೀಪಾವಳಿಗೆ ನಾನು ಅದರ ಮೇಲೆ ಮಲಗಬೇಕು" ಎಂದು ಅಪ್ಪಣೆ ಕೊಟ್ಟ.

ಮೌನಾಚಾರಿ ತೋಟಕ್ಕೆ ಹೋಗಿ ನೋಡಿದರೆ ಆಡು ಮೇಯ್ದು ಬಿಟ್ಟ ಸೊಂಟದೆತ್ತರದ ಸಸಿಗಳು! ಬಂದು ಹಾಗೆಂದು ಹೇಳಿದ್ದೇ ತಪ್ಪಾಯಿತು. ತುಂಬಿದ ಸಭೆಯಲ್ಲಿ ಮಾನ ಹೋಗುವುದೆಂದು ಕೆಂಚನಾಯಕ ಕೂಗೆಬ್ಬಿಸಿದ: "ಕಳ್ಳ! ಮರ ಕಡಿದು ಮಾರಿಕೊಂಡು ಈಗ ಸಸಿ ತೋರಿಸುತ್ತಾನೆ. ಇವನ ಹೆಬ್ಬೆರಳು ಕತ್ತರಿಸಿ!"

ಸಾಕ್ಷಿಗೆ ಹಿಂಬಾಲಕರು ಇದ್ದೇ ಇದ್ದರು. ದೊರೆಗೆ ಅನುಮಾನವೇನೋ ಬಂತು. ಆದರೆ ರಾಣಿಯ ಅಣ್ಣ. "ನಾಳೆಯೊಳಗೆ ಮಂಚ ತಂದೊಪ್ಪಿಸು. ಇಲ್ಲವಾದರೆ ಹೆಬ್ಬೆರಳು ಹೋಗುತ್ತದೆ" ಎಂದುಬಿಟ್ಟ.

ಸಭೆಯ ಮೂಲೆಯಲ್ಲಿ ಕೂತಿದ್ದ ಹಂಪಯ್ಯನಿಗೆ ಮೈ ಉರಿಯಿತು. ದೊರೆಯ ಆಸ್ಥಾನದಲ್ಲಿ ಮಾತಿನ ಮಲ್ಲನೆಂದೇ ಅವನಿಗೆ ಹೆಸರು. ಹೆಬ್ಬೆರಳಿಲ್ಲದ ಬಡಗಿ ಉಳಿ ಹಿಡಿಯುವುದು ಹೇಗೆ? ಒಬ್ಬ ಬಾಯಿಬಡುಕನ ಜಂಬಕ್ಕೆ ಒಂದು ಸಂಸಾರದ ಅನ್ನ ಹೋಗಬೇಕೆ? ಹೊರಗೆ ಕಂಬಕ್ಕೊರಗಿ ನಿಂತಿದ್ದ ಮೌನಾಚಾರಿಯ ಹೆಗಲ ಮೇಲೆ ಕೈಯಿಟ್ಟ.

"ಅಳಬೇಡ ಆಚಾರಿ. ನಾಳೆ ಬರಿಗೈಲಿ ಬಾ. ಮಂಚ ನಾನು ತರುತ್ತೇನೆ."

"ಎಲ್ಲಿಂದ ತರ್ತೀರಿ ಸ್ವಾಮಿ?"

"ಅವರು ಮರ ತಂದ ಕಡೆಯಿಂದಲೇ."

ಮರುದಿನ ಸಭೆ ತುಂಬಿತ್ತು. ಬಾಗಿಲಲ್ಲಿ ನಾಲ್ಕು ಆಳುಗಳು ಬರಿಗೈಗಳನ್ನು ಹೆಗಲೆತ್ತರಕ್ಕೆ ಹಿಡಿದು, ಏದುಸಿರು ಬಿಡುತ್ತ ಒಳಗೆ ಬಂದರು. ಮುಂದೆ ಹಂಪಯ್ಯ. "ದಾರಿ ಬಿಡಿ, ದಾರಿ ಬಿಡಿ! ನವಿಲಿನ ಕೊಕ್ಕು ತಾಗೀತು! ಮೆಲ್ಲಗೆ ಇಳಿಸ್ರಪ್ಪಾ!"

ದೊರೆ ಕಣ್ಣುಜ್ಜಿಕೊಂಡ. "ಏನಯ್ಯಾ ಇದು?"

"ಮಂಚ, ಪ್ರಭು. ಕೆಂಚನಾಯಕರ ಮರದ್ದೇ."

"ನನಗೇನೂ ಕಾಣುತ್ತಿಲ್ಲವಲ್ಲ!"

"ತಾವು ಮರವನ್ನೂ ನೋಡಿರಲಿಲ್ಲ, ಪ್ರಭು. ನೋಡಿದವರು ಇಲ್ಲೇ ಇದ್ದಾರೆ." ಹಂಪಯ್ಯ ಹಿಂಬಾಲಕರ ಕಡೆ ತಿರುಗಿದ. "ಮರ ಕಂಡ ಕಣ್ಣಿಗೆ ಅದರ ಮಂಚ ಕಾಣದೇ ಇರುತ್ತದೆಯೇ? ಅಥವಾ ಮರವನ್ನೂ ಕಾಣದೆ ದೊರೆಯ ಮುಂದೆ ಸಾಕ್ಷಿ ಹೇಳಿದಿರೋ?"

ಸುಳ್ಳುಸಾಕ್ಷಿಗೆ ನಾಲಗೆ ಸೀಳುವ ಕಾಲ ಅದು. ಒಬ್ಬ ಉಗುಳು ನುಂಗಿ, "ಆಹಾ, ಸಿಂಹ ಜೀವಂತವಾಗಿದೆ!" ಎಂದ. ಇನ್ನೊಬ್ಬ, "ನವಿಲಿನ ಗರಿ ನೋಡಿ!" ಎಂದ.

"ಸಂತೋಷ. ಇನ್ನು ನಾಯಕರು ಮಲಗಿ ಅಳತೆ ಸರಿಯಿದೆಯೋ ಹೇಳಲಿ."

ಕೆಂಚನಾಯಕನ ಹಣೆಯಲ್ಲಿ ಬೆವರಿಳಿಯಿತು. ಮಂಚವಿಲ್ಲ ಎಂದರೆ ಮರವೂ ಇಲ್ಲ. ಮರವಿಲ್ಲದಿದ್ದರೆ ಕಳ್ಳತನ ಎಲ್ಲಿಯದು? ಪಂಚೆ ಎತ್ತಿಕಟ್ಟಿ, ಗಾಳಿಯಲ್ಲಿ ಮೆಲ್ಲಗೆ ಹಿಂದಕ್ಕೆ ಬಾಗಿ ಕೂರಲು ಹೋದ. ಧೊಪ್ಪೆಂದು ಬಿದ್ದ ಸದ್ದಿಗೆ ಸಭೆಯ ಪಾರಿವಾಳಗಳು ಹಾರಿಹೋದವು.

ದೊರೆ ನಗು ಬಿಗಿಹಿಡಿದು ಕೇಳಿದ: "ಏನಯ್ಯಾ ಹಂಪಯ್ಯ, ಮಂಚ ಮುರಿಯಿತೇ?"

"ಮುರಿಯದೇ ಇರುತ್ತದೆಯೇ ಪ್ರಭು? ಎರಡು ವರ್ಷದ ಮರ. ಒಳಗೆ ಚೇಗಿನ ಗಟ್ಟಿ ತಿರುಳು ಕಟ್ಟಿರಲಿಲ್ಲ. ಮರಕ್ಕೂ ಇಲ್ಲ, ಯಜಮಾನರಿಗೂ ಇಲ್ಲ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಮೌನಾಚಾರಿಗೆ ಶಾಲು ಹೊದಿಸಿ ಕಳಿಸಿದ. ಆಮೇಲೆ ಭಾವಮೈದನಿಗೆ ಹೇಳಿದ: "ಇವತ್ತಿನಿಂದ ಆ ಸಸಿಗಳಿಗೆ ನೀನೇ ನೀರು ಹೊರಬೇಕು. ಅವು ಮರವಾದ ಮೇಲೇ ನಿನಗೆ ಮಂಚ."

ಕೆಂಚನಾಯಕ ಸೊಂಟ ಹಿಡಿದು ಏಳುತ್ತ ಗೋಳಿಟ್ಟ: "ಅದಕ್ಕೆ ಅರವತ್ತು ವರ್ಷ ಬೇಕು ಭಾವ! ಅಲ್ಲಿವರೆಗೆ ಎಲ್ಲಿ ಮಲಗಲಿ?"

"ಅಲ್ಲಿವರೆಗೆ ಚಾಪೆ ಇದೆಯಲ್ಲ ನಾಯಕರೇ" ಎಂದ ಹಂಪಯ್ಯ. "ಆಮೇಲೆ ತಮಗೆ ತೇಗ ಯಾಕೆ? ಎರಡು ಬಿದಿರು ಸಾಕು, ಹೊರಲು ನಾಲ್ಕು ಜನ."