ತುಂಬಿದ ಕೆರೆಯ ಬೀಗದ ಕೈ

"ಬುದ್ಧಿ, ಮಠಕ್ಕೆ ಬರುವವರೆಲ್ಲರ ಮಾತನ್ನೂ ನಾವೇ ಕೂತು ಕೇಳಬೇಕೆ?" ಎಂದು ಶಿಷ್ಯ ಗುರುಶಾಂತ ಕೇಳಿದ.

ಗುರುಗಳು ಕಣ್ಣೆತ್ತಿ ನೋಡಿದರು. ಶಿಷ್ಯ ಮುಂದುವರಿಸಿದ.

"ಹೊಳೆಯಾಚೆಯ ದೊಡ್ಡ ಮಠದಲ್ಲಿ ಇದಕ್ಕೆಂದೇ ಬೇಕಾದಷ್ಟು ಮಂದಿ ಇದ್ದಾರೆ. ಬಂದವರ ಪ್ರಶ್ನೆಯನ್ನು ಅಲ್ಲಿಗೆ ಹೇಳಿ ಕಳಿಸಿ, ಅಲ್ಲಿಂದ ಬಂದ ಉತ್ತರವನ್ನು ನಾವು ತಿಳಿಸಿದರೆ ಸಾಕಲ್ಲವೆ? ಜಪಕ್ಕೆ ಹೊತ್ತು ಉಳಿಯುತ್ತದೆ. ಈಗಲೂ ಒಬ್ಬ ಹೆಂಗಸು ಬೆಳಗಿನಿಂದ ಜಗಲಿಯ ಮೇಲೆ ಕೂತಿದ್ದಾಳೆ. 'ಕೂತಿರಿ ತಾಯಿ, ಉತ್ತರ ಬರುತ್ತದೆ' ಎಂದು ಹೇಳಿ ಬಂದಿದ್ದೇನೆ. ಅಪ್ಪಣೆಯಾದರೆ ಇವತ್ತೇ ಶುರು ಮಾಡುತ್ತೇನೆ."

"ಕೂತುಕೋ" ಎಂದರು ಗುರುಗಳು. ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಂದು ಕೆರೆ. ಕೆರೆಯ ಕೆಳಗೆ ಊರಿನವರ ಗದ್ದೆಗಳು. ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕೆಂದು ನೋಡಿಕೊಳ್ಳುವವನು ಒಬ್ಬ ನೀರಗಂಟಿ. ಅವನ ಅಪ್ಪನೂ ನೀರಗಂಟಿ, ತಾತನೂ ನೀರಗಂಟಿ. ಕೆರೆಯ ತೂಬಿಗೆ ಒಂದು ಉದ್ದನೆಯ ಮರದ ಗಳ. ಗಳ ಎತ್ತಿದರೆ ನೀರು ಕಾಲುವೆಗೆ ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಆ ಗಳವನ್ನು ಕಲ್ಲುಕಂಬಕ್ಕೆ ಸರಪಳಿಯಿಂದ ಬಿಗಿದು ಬೀಗ ಹಾಕಿದ್ದರು.

ಬೀಗಕ್ಕೂ ಒಂದು ಕಾರಣವಿತ್ತು. ಹಿಂದೊಮ್ಮೆ ನೀರಿನ ಜಗಳದಲ್ಲಿ ಅಣ್ಣತಮ್ಮಂದಿರೇ ಗುದ್ದಲಿ ಹಿಡಿದು ಹೊಡೆದಾಡಿ, ತೂಬಿನ ಮೇಲೆ ಒಬ್ಬನ ಹೆಣ ಬಿದ್ದಿತ್ತು. ಆಮೇಲೆ ಊರಿನವರು ಏರಿಯ ಮೇಲಿನ ಗಂಗಮ್ಮನ ಮುಂದೆ ನಿಂತು ಒಂದು ಕಟ್ಟು ಮಾಡಿಕೊಂಡರು. ತೂಬಿಗೆ ಬೀಗ, ಬೀಗದ ಕೈ ನೀರಗಂಟಿಯ ಸೊಂಟದಲ್ಲಿ. ತೂಬಿನ ಮೇಲೆ ಇನ್ನು ಯಾರೂ ಕಬ್ಬಿಣ ಎತ್ತಕೂಡದು. ಬೀಗ ಕೆಟ್ಟರೆ ಅದನ್ನು ಮಾಡಿಕೊಟ್ಟವನೇ ಸರಿಮಾಡಬೇಕು. ಈ ಮಾತನ್ನು ಊರು ಅಲ್ಲಿಯವರೆಗೂ ಮೀರಿರಲಿಲ್ಲ.

ಬೀಗ ಮಾಡಿಕೊಟ್ಟವನು ಪೇಟೆಯ ಒಬ್ಬ ವ್ಯಾಪಾರಿ. ಮುಂದೆ ಅಂಗಡಿ, ಹಿಂದೆಯೇ ಕುಲುಮೆ, ಕುಲುಮೆಯಲ್ಲಿ ಒಬ್ಬ ಕಮ್ಮಾರ. ಬೀಗ ಕೆಟ್ಟಿತೆಂದು ಯಾರಾದರೂ ಬಂದರೆ ವ್ಯಾಪಾರಿ ಕೂತಲ್ಲಿಂದಲೇ ಹಿಂದಕ್ಕೆ ತಿರುಗಿ ಕೂಗುತ್ತಿದ್ದ. ಕಮ್ಮಾರ ಗೊಣಗುತ್ತ ಎದ್ದು ಬರುತ್ತಿದ್ದ. ಅವನ ಬಾಯಿ ಬಲು ಕೆಟ್ಟದ್ದು. "ಇದನ್ನೇನು ಬೀಗ ಅಂದ್ಕೊಂಡ್ರೋ, ದನ ಕಟ್ಟೋ ಗೂಟ ಅಂದ್ಕೊಂಡ್ರೋ" ಎಂದು ಬೈಯದೆ ಅವನು ಯಾರ ಬೀಗವನ್ನೂ ಮುಟ್ಟಿದವನಲ್ಲ. ಆದರೆ ಊಟದ ಹೊತ್ತಿಗೆ ಬೀಗ ಸರಿಯಾಗಿರುತ್ತಿತ್ತು.

ಹೀಗಿರುವಾಗ ವ್ಯಾಪಾರಿಯ ಕಿವಿಗೆ ಒಂದು ಸುದ್ದಿ ಬಿತ್ತು. ಕಡಲಾಚೆಯ ದ್ವೀಪವೊಂದರಲ್ಲಿ ಕಮ್ಮಾರರು ಅರ್ಧ ಕೂಲಿಗೆ ಕೆಲಸ ಮಾಡುತ್ತಾರಂತೆ, ಕೈಕೆಲಸವೂ ಅಚ್ಚುಕಟ್ಟಂತೆ, ಎದುರುಮಾತಂತೂ ಇಲ್ಲವೇ ಇಲ್ಲವಂತೆ. ವ್ಯಾಪಾರಿ ಕುಲುಮೆ ಆರಿಸಿದ. ಬೀಗಗಳ ಅಚ್ಚುಗಳನ್ನೆಲ್ಲ ಹಡಗಿಗೆ ಏರಿಸಿದ. ಕಮ್ಮಾರ ಗಾಳಿ ಊದುವ ತಿದಿ ಹೊತ್ತುಕೊಂಡು, ದಾರಿಯುದ್ದಕ್ಕೂ ಬೈಯುತ್ತ, ಯಾವುದೋ ಊರಿಗೆ ಹೊರಟುಹೋದ. ಕುಲುಮೆ ಇದ್ದ ಜಾಗದಲ್ಲಿ ವ್ಯಾಪಾರಿ ಮೆತ್ತೆ ಹಾಸಿ, ದಿಂಬು ಇಡಿಸಿ, ಬಂದವರೊಡನೆ ಮಾತಾಡಲು ಗುಮಾಸ್ತರನ್ನು ನೇಮಿಸಿದ. ಅವರು ಬೀಗವನ್ನು ಬಿಚ್ಚಿ ನೋಡಿದವರಲ್ಲ. ಆದರೆ ಮಾತು ಜೇನು. ಬಂದವರಿಗೆ ಮೊದಲು ಮಜ್ಜಿಗೆ, ಆಮೇಲೆ ಸಮಾಧಾನ. ಬೈಗುಳ ತಪ್ಪಿತಲ್ಲ ಎಂದು ಜನಕ್ಕೂ ಮೊದಮೊದಲು ಖುಷಿಯೇ ಆಯಿತು.

ಆ ವರ್ಷ ಮಳೆ ಚೆನ್ನಾಗಿ ಹುಯ್ದು ಕೆರೆ ಕೋಡಿ ಬಿದ್ದಿತ್ತು. ಆಮೇಲೆ ಮಳೆ ನಿಂತಿತು. ನಿಂತರೇನು, ಕೆರೆ ತುಂಬಿದೆಯಲ್ಲ ಎಂದು ಊರು ನೆಮ್ಮದಿಯಾಗಿತ್ತು. ಭತ್ತದ ಪೈರು ಹೊಡೆಗೆ ಬಂದು ತೆನೆ ಹೊರಟಿತು. ಇನ್ನು ಕಾಳಿಗೆ ಹಾಲು ತುಂಬಬೇಕು. ಆ ಹೊತ್ತಿನಲ್ಲಿ ಗದ್ದೆಯಲ್ಲಿ ನೀರು ನಿಂತಿರಲೇಬೇಕು, ಇಲ್ಲದಿದ್ದರೆ ವರ್ಷದ ಅನ್ನ ಹೋದಂತೆ. ನೀರಗಂಟಿ ಗಂಗಮ್ಮನಿಗೆ ಕೈಮುಗಿದು, ತೂಬಿನ ಮೇಲೆ ಹೋಗಿ, ಬೀಗಕ್ಕೆ ಕೈ ಹಾಕಿ ತಿರುಗಿಸಿದ. ತುಕ್ಕು ಹಿಡಿದಿದ್ದ ಬೀಗದ ಕೈ ಟಕ್ಕೆಂದು ಮುರಿಯಿತು. ಹಲ್ಲು ಕೆರೆಯೊಳಗೆ ಬಿತ್ತು, ಹಿಡಿ ಅವನ ಅಂಗೈಯಲ್ಲಿ ಉಳಿಯಿತು.

ಅವನಿಗೆ ಆಗ ಗಾಬರಿಯೇನೂ ಆಗಲಿಲ್ಲ. ಅಪ್ಪನ ಕಾಲದಲ್ಲೂ ಒಮ್ಮೆ ಹೀಗೇ ಆಗಿತ್ತು. ಕಮ್ಮಾರನಿಂದ ನಾಲ್ಕು ಮಾತು ಬೈಸಿಕೊಂಡು ಬಂದರಾಯಿತು ಎಂದುಕೊಂಡು ಪೇಟೆಯ ದಾರಿ ಹಿಡಿದ.

"ಬನ್ನಿ ಯಜಮಾನರೇ, ಕೂತ್ಕೊಳ್ಳಿ. ಮಜ್ಜಿಗೆ ತಗೊಳ್ಳಿ" ಎಂದ ಗುಮಾಸ್ತ.

"ಮಜ್ಜಿಗೆ ಆಮೇಲಾಗ್ಲಿ ಸ್ವಾಮಿ. ತೂಬಿನ ಬೀಗದ ಕೈ ಮುರಿದೋಯ್ತು. ಪೈರು ಹಾಲು ತುಂಬೋ ಹೊತ್ತು. ಇವತ್ತೇ ಆಗ್ಬೇಕು."

"ಅಯ್ಯೋ, ನಿಮ್ಮ ಕಷ್ಟ ನಮ್ಮ ಕಷ್ಟ ಅಲ್ವೇ? ಈಗ್ಲೇ ಕಡಲಾಚೆಗೆ ಹೇಳಿ ಕಳಿಸ್ತೀನಿ. ಬಂದುಬಿಡುತ್ತೆ."

ನೀರಗಂಟಿ ಗುಮಾಸ್ತನ ಹೆಗಲ ಮೇಲಿಂದ ಹಿಂದೆ ನೋಡಿದ. ಹೊಗೆ ಇಲ್ಲ, ಸುತ್ತಿಗೆಯ ಸದ್ದಿಲ್ಲ, ಬೈಗುಳವೂ ಇಲ್ಲ.

ಗುಮಾಸ್ತ ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಹೇಳಿ ಕಳಿಸಿದ. ಪೇಟೆಯಿಂದ ಹೊರಟ ಗಾಡಿಯವನಿಗೆ ಹೇಳಿದ, ಗಾಡಿಯವನು ಬಂದರಿನ ದಲ್ಲಾಳಿಗೆ ಹೇಳಿದ, ದಲ್ಲಾಳಿ ಹಡಗಿನವನಿಗೆ ಹೇಳಿದ. ಒಬ್ಬೊಬ್ಬರೂ ತಮಗೆ ಬೇಡದ ಮಾತನ್ನು ಬಿಟ್ಟು ಉಳಿದದ್ದನ್ನು ದಾಟಿಸಿದರು. ಪೈರಿನ ಮಾತು ಗಾಡಿಯ ದಾರಿಯಲ್ಲೇ ಬಿದ್ದುಹೋಯಿತು. ಕೆರೆಯ ಮಾತು ಬಂದರಿನಲ್ಲಿ ಉಳಿಯಿತು. ಹಡಗು ಹತ್ತಿದ್ದು 'ಇಂಥ ಅಚ್ಚಿನ ಒಂದು ಬೀಗದ ಕೈ ಬೇಕು' ಎಂಬುದು ಮಾತ್ರ.

ನೀರಗಂಟಿ ಮತ್ತೆ ಪೇಟೆಗೆ ಹೋದ. ಬೇರೊಬ್ಬ ಗುಮಾಸ್ತ ಕೂತಿದ್ದ. ಮಜ್ಜಿಗೆ ಕೊಟ್ಟು "ಏನು ಸಮಾಚಾರ?" ಎಂದ. ನೀರಗಂಟಿ ಕೆರೆ, ತೂಬು, ಪೈರು ಎಲ್ಲವನ್ನೂ ಮೊದಲಿನಿಂದ ಹೇಳಿದ. ಇನ್ನೊಮ್ಮೆ ಹೋದಾಗ ಮತ್ತೊಬ್ಬ. ಮತ್ತೆ ಮೊದಲಿನಿಂದ. ಹೇಳಿ ಹೇಳಿ ಅವನ ಕಷ್ಟ ಅವನಿಗೇ ಯಾರದೋ ಕಷ್ಟದ ಹಾಗೆ ಕೇಳಿಸತೊಡಗಿತು. ಧಣಿಗಳನ್ನೇ ಕಾಣುತ್ತೇನೆಂದರೆ, ಧಣಿಗಳು ಹಡಗಿನ ದಾರಿ ನೋಡುತ್ತ ಬಂದರಿನಲ್ಲೇ ಬಿಡಾರ ಮಾಡಿದ್ದಾರೆ ಎಂದರು. ಒಂದು ಸಲವಂತೂ ಗುಮಾಸ್ತ ಸಂತೋಷದಿಂದ ಎದ್ದು ಬಂದ.

"ಆ ಕಡೆಯಿಂದ ಸುದ್ದಿ ಬಂದಿದೆ ಯಜಮಾನರೇ. ಬೀಗದ ಬಾಯಿ ಎಡಕ್ಕೋ ಬಲಕ್ಕೋ ಅಂತ ಕೇಳಿದ್ದಾರೆ."

"ಬಲಕ್ಕೆ" ಎಂದ ನೀರಗಂಟಿ. ಈ 'ಬಲಕ್ಕೆ' ಇನ್ನು ಗಾಡಿ ಹತ್ತಿ, ಬಂದರು ಮುಟ್ಟಿ, ಕಡಲು ದಾಟಬೇಕು ಎಂದು ನೆನೆದು ಅವನಿಗೆ ಅಲ್ಲೇ ಅಳು ಬಂತು. "ಯಾರ ಕೈಲಾದ್ರೂ ಒಡೆಸಿಬಿಡ್ಲಾ ಸ್ವಾಮಿ?"

"ಬೇರೆಯವರು ಕೈ ಹಾಕಿದ್ರೆ ಆಮೇಲೆ ಆ ಬೀಗಕ್ಕೆ ನಾವು ಹೊಣೆಯಲ್ಲ, ನೋಡಿ" ಎಂದ ಗುಮಾಸ್ತ, ಅದನ್ನೂ ಅಷ್ಟೇ ಸಿಹಿಯಾಗಿ.

ಊರಿನಲ್ಲಿ ಗದ್ದೆಗಳು ಬಿರುಕು ಬಿಟ್ಟವು. ಪೈರಿನ ಗರಿ ಅಂಚಿನಿಂದ ಸುರುಳಿ ಸುತ್ತಿತು. ಹೆಂಗಸರು ಕೊಡದಲ್ಲಿ ನೀರು ಹೊತ್ತು ಹಾಕಿದರು. ಸುರಿದ ನೀರು ಪಕ್ಕದ ಬುಡಕ್ಕೆ ಹರಿಯುವ ಮೊದಲೇ ಇಂಗಿಹೋಗುತ್ತಿತ್ತು. ಏರಿಯ ಈ ಕಡೆ ಹೀಗೆ ಒಣಗುತ್ತಿದ್ದರೆ ಆ ಕಡೆ ಕೆರೆ ತುಂಬಿ ತುಳುಕುತ್ತಿತ್ತು. ಅಲೆ ಬಂದು ಏರಿಯ ಕಲ್ಲಿಗೆ ತಟ್ಟುವ ಸದ್ದು ಕೇಳಿದರೆ ನೀರಗಂಟಿ ಕಿವಿ ಮುಚ್ಚಿಕೊಳ್ಳುತ್ತಿದ್ದ. ಮುರಿದ ಹಿಡಿಯನ್ನು ಮಾತ್ರ ಸೊಂಟದಿಂದ ಬಿಚ್ಚಲಿಲ್ಲ.

ಊರಿನವರು ಏರಿಯ ಮೇಲೆ ಅವನನ್ನು ನಿಲ್ಲಿಸಿ ಕೇಳುತ್ತಿದ್ದರು. ಅವನು "ಬರ್ತದಂತೆ" ಎನ್ನುತ್ತಿದ್ದ. ಮೊದಮೊದಲು ಅದನ್ನು ನಂಬಿಯೇ ಹೇಳುತ್ತಿದ್ದ. ಆಮೇಲಾಮೇಲೆ, ಎದುರಿಗಿದ್ದವರ ಮುಖ ಬಾಡುವುದನ್ನು ನೋಡಲಾರದೆ ಹೇಳುತ್ತಿದ್ದ. ತನ್ನ ದನಿಗೂ ಗುಮಾಸ್ತನ ಸಿಹಿ ಅಂಟಿಕೊಂಡಿದೆ ಎಂದು ಒಂದು ದಿನ ಅವನಿಗೇ ಅನ್ನಿಸಿ ನಾಚಿಕೆಯಾಯಿತು.

ಕೊನೆಗೆ ಊರು ಗಂಗಮ್ಮನ ಮುಂದೆ ಸೇರಿತು. ಹಿಂದಿನ ಜಗಳದಲ್ಲಿ ತೂಬಿನ ಮೇಲೆ ಸತ್ತವನ ಹೆಂಡತಿ ಇನ್ನೂ ಬದುಕಿದ್ದಳು, ಹಣ್ಣು ಹಣ್ಣು ಮುದುಕಿ. ಅವಳು ಕೋಲೂರಿಕೊಂಡು ಎದ್ದಳು.

"ಈ ಕಟ್ಟು ಮಾಡಿದ್ದೇ ನನ್ನ ಗಂಡನ ರಕ್ತ ನೋಡಿ. ಅದ್ಕೇ ನಾನೇ ಹೇಳ್ತೀನಿ, ಬೀಗ ಒಡೀರಿ. ಅಮ್ಮನ ಹತ್ರ ತಪ್ಪಾಯ್ತು ಅಂತ ನಾನು ಕೇಳ್ಕೋತೀನಿ." ಆಮೇಲೆ ನೀರಗಂಟಿಯ ಕಡೆ ತಿರುಗಿದಳು. "ಆದ್ರೆ ಮಗಾ, ಬೀಗದ ಕೈ ಬರೋದೇ ಆದ್ರೆ ಕೊಟ್ಟ ಮಾತು ಮುರಿಯೋದು ಬ್ಯಾಡ. ಕಡೇ ಸಲ ಹೋಗಿ ಕೇಳ್ಕೊಂಡು ಬಾ. ಬರ್ತದೋ, ಇಲ್ವೋ. ಎರಡರಲ್ಲಿ ಒಂದು."

ಗಂಡಸರು ಹಾರೆ ಹಿಡಿದು ಏರಿಯ ಮೇಲೆ ಕಾದು ಕೂತರು. ನೀರಗಂಟಿ ಪೇಟೆಗೆ ಓಡಿದ. ಮಜ್ಜಿಗೆಯ ಲೋಟವನ್ನು ಪಕ್ಕಕ್ಕೆ ಸರಿಸಿ, ಗುಮಾಸ್ತನ ಎರಡೂ ಕೈ ಹಿಡಿದುಕೊಂಡು ಕೇಳಿದ.

"ಸ್ವಾಮಿ, ನಿಮ್ಮ ದಮ್ಮಯ್ಯ. ಬರ್ತದಾ, ಇಲ್ವಾ?"

"ಬರುತ್ತೆ ಯಜಮಾನರೇ. ಹಡಗು ಹೊರಟಾಗಿದೆ."

"ಹೊರಟಿದ್ದನ್ನ ಕಂಡೋರು ಯಾರು?"

"ಬಂದೇ ಬರುತ್ತೆ. ನೀವು ಧೈರ್ಯವಾಗಿರಿ."

ಆ ಗುಮಾಸ್ತ ಹುಟ್ಟಿದಾಗಿನಿಂದ ಕಡಲು ನೋಡಿದವನಲ್ಲ. ಹಡಗು ಹೊರಟಿತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಬಂದವರು ಸಪ್ಪೆ ಮುಖ ಹಾಕಿಕೊಂಡು ಹೋಗಬಾರದು ಎಂಬುದೊಂದೇ ಅವನಿಗೆ ಕಲಿಸಿದ್ದ ಕೆಲಸ. ಅದನ್ನು ಅವನು ಮನಸ್ಸಿಟ್ಟು ಮಾಡಿದ.

ಹಿಂದಿರುಗುವ ದಾರಿಯುದ್ದಕ್ಕೂ ನೀರಗಂಟಿ 'ನನಗೆ ಗೊತ್ತಿಲ್ಲ ಅಂತ ಹೇಳಬೇಕು, ಗೊತ್ತಿಲ್ಲ ಅಂತಲೇ ಹೇಳಬೇಕು' ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದ. ಏರಿಯ ಮೇಲೆ ಅಷ್ಟು ಮುಖಗಳು ಅವನತ್ತ ತಿರುಗಿದವು. ಮುದುಕಿ ಕೋಲೂರಿ ಎದ್ದು ನಿಂತಳು. ಅವನ ಬಾಯಿಂದ "ಹಡಗು ಹೊರಟದಂತೆ. ಬರ್ತದಂತೆ" ಎಂದೇ ಬಂತು.

ಗಂಡಸರು ಹಾರೆಗಳನ್ನು ಮನೆಗೆ ಹೊತ್ತುಕೊಂಡು ಹೋದರು.

ಬೀಗದ ಕೈ ಬಂತು, ಬರದೆ ಇರಲಿಲ್ಲ. ಗುಮಾಸ್ತನೇ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಅಂಥ ಬೀಗದ ಕೈಯನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಹಿಡಿಯ ಸುತ್ತ ಬಳ್ಳಿ, ಬಳ್ಳಿಯಲ್ಲಿ ಹೂವು, ಹೂವಿನ ಮೇಲೊಂದು ಹಕ್ಕಿ. ಅವಸರವಿದೆ ಎಂದು ಕಡಲಾಚೆಯ ಕಮ್ಮಾರನಿಗೆ ಯಾರೂ ಹೇಳಿರಲಿಲ್ಲ. ದೂರದ ಯಾರಿಗೋ ಚೆಂದ ಕಾಣಲಿ ಎಂದು ಅವನು ನಿಧಾನವಾಗಿ ಕೂತು, ಪ್ರೀತಿಯಿಂದ ಆ ಹಕ್ಕಿಯನ್ನು ಕೆತ್ತಿದ್ದ.

ಬೀಗ ಒಂದೇ ತಿರುವಿಗೆ ತೆರೆದುಕೊಂಡಿತು. ನೀರಗಂಟಿ ಗಳ ಎತ್ತಿದ. ನೀರು ಭೋರೆಂದು ಕಾಲುವೆಗೆ ಇಳಿದು ಗದ್ದೆಯಿಂದ ಗದ್ದೆಗೆ ಹರಿಯಿತು. ಪೈರು ತಲೆ ಬಾಗಿರಲಿಲ್ಲ, ನೆಟ್ಟಗೆ ನಿಂತಿತ್ತು. ಅವನು ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ಊದಿದ. ಎಲ್ಲ ಹಾರಿಹೋಯಿತು, ಕೈಯಲ್ಲಿ ಒಂದು ಕಾಳೂ ನಿಲ್ಲಲಿಲ್ಲ.

ಗೊತ್ತಿಲ್ಲ ಅಂದಿದ್ದರೆ ಅವತ್ತೇ ಒಡೆಯುತ್ತಿದ್ದರು, ಅವತ್ತಿನ್ನೂ ಹಾಲು ಇತ್ತು ಎಂದು ಅವನು ಏರಿಯ ಮೇಲೆ ಕುಸಿದು ಕೂತು ಎದೆ ಬಡಿದುಕೊಂಡು ಅತ್ತ. ಮುದುಕಿ ಪಕ್ಕದಲ್ಲಿ ಬಂದು ಕೂತಳು. ಬೀಗದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಪಾಪ, ಎಷ್ಟು ಚೆಂದ ಮಾಡವ್ನೆ" ಎಂದಳು. "ಅವನಿಗೆ ಯಾರೂ ಹೇಳ್ಲಿಲ್ವಾ ಮಗಾ?"

ಗುರುಗಳು ಕತೆ ನಿಲ್ಲಿಸಿದರು.

ಗುರುಶಾಂತ ಕೇಳಿದ. "ಹಾಗಾದರೆ ತಪ್ಪು ಯಾರದು, ಬುದ್ಧಿ? ಕುಲುಮೆಯನ್ನು ಕಡಲಾಚೆಗೆ ಕಳಿಸಿದ ವ್ಯಾಪಾರಿಯದೋ, ಗೊತ್ತಿಲ್ಲದೆ 'ಬರುತ್ತೆ' ಎಂದ ಗುಮಾಸ್ತನದೋ?"

ಗುರುಗಳು ಜಗಲಿಯ ಕಡೆಗಿನ ಬಾಗಿಲನ್ನು ನೋಡಿದರು.

"ಅಲ್ಲಿ ಕೂತಿರುವ ತಾಯಿಗೆ 'ಉತ್ತರ ಬರುತ್ತದೆ' ಎಂದು ಹೇಳಿ ಬಂದೆಯಲ್ಲ, ಅವಳ ಮನೆಯಲ್ಲಿ ಏನು ಒಣಗುತ್ತಿದೆ ಎಂದು ಕೇಳಿದೆಯಾ?"