ಕೆಳಗಿನಿಂದ ಬಂದ ಬೆಳಕು

ಪೂಜ್ಯ ನೀಲಗಂಗಮ್ಮ ತಾಯಿಯವರ ಮಠವೆಂದರೆ ಕಲ್ಲುಗುಡ್ಡದ ಹೊಟ್ಟೆಯಲ್ಲಿ ಒಂದು ಗವಿ, ಅದರ ಮುಂದೆ ಜೋಳದ ದಂಟಿನ ಒಂದು ಚಪ್ಪರ, ಅಷ್ಟೆ. ತಾಯಿಯವರು ಆ ಚಪ್ಪರದಲ್ಲಿ ಬತ್ತಿ ಹೊಸೆಯುತ್ತ, ಬಂದವರಿಗೆ ಅಂಬಲಿ ಎರೆಯುತ್ತ ಇರುತ್ತಿದ್ದರು. ಗವಿಯೊಳಗೆ ಅವರ ಗುರುಗಳು ತಪಸ್ಸಿಗೆ ಕುಳಿತ ಜಾಗದಲ್ಲಿ, ನೆಲದ ಮೇಲೆ ಒಂದು ಎಣ್ಣೆದೀಪ. ಅದೊಂದನ್ನು ಬಿಟ್ಟು ಬೇರೆ ದೀಪವನ್ನು ಒಳಗೆ ತರುವಂತಿಲ್ಲವೆಂಬುದು ಗುರುಗಳೇ ಹಾಕಿಕೊಟ್ಟ ಕಟ್ಟಳೆ.

ಒಂದು ವರ್ಷ ಗುರುಗಳ ಆರಾಧನೆಗೆ ಮುಂಚೆ ಗವಿಯ ಗೋಡೆಯ ಮೇಲೆ ಅವರ ಚಿತ್ರ ಬರೆಸಬೇಕೆಂದು ಭಕ್ತರು ಮಾನಪ್ಪ ಚಿತ್ರಗಾರನನ್ನು ಕರೆಸಿದರು. ತಲೆತಲಾಂತರದಿಂದ ಕುಂಚ ಹಿಡಿದ ಮನೆತನ. ಅವನ ಬಣ್ಣ ಸುತ್ತಲಿನ ಸೀಮೆಗೆಲ್ಲ ಹೆಸರಾಗಿತ್ತು. ಆ ಹೆಸರು ಅವನ ನೆತ್ತಿಗೂ ಸ್ವಲ್ಪ ಏರಿತ್ತು. ಕತ್ತಲ ಗವಿಯನ್ನು ಕಂಡು ಅವನು ನಕ್ಕ. ಹೊರಗಿನ ಎತ್ತರದ ಬಂಡೆಯ ಮೇಲೆ ಅಗಲ ತಟ್ಟೆಯಂಥ ಹಿತ್ತಾಳೆಯ ದೊಡ್ಡ ಪರಾತವನ್ನು ಓರೆಯಾಗಿ ನಿಲ್ಲಿಸಿ, ಬಿಸಿಲನ್ನು ಹಿಡಿದು ಒಳಗಿನ ಗೋಡೆಗೆ ಹಾಯಿಸಿದ. ಆ ಬೆಳಕಿನಲ್ಲಿ ಬರೆದ ಚಿತ್ರ ನೋಡುವಂತಿತ್ತು. ತಲೆಯ ಸುತ್ತ ಹಳದಿ ಪ್ರಭಾವಳಿ, ಮೈಮೇಲೆ ನೀಲಿ ಶಾಲು, ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ಹಿತವಾದ ನೆರಳು. ಮುಖದಲ್ಲಿ ನಗೆ ತುಳುಕುತ್ತಿತ್ತು.

ಕೆಲಸ ಮುಗಿದು ಪರಾತ ಇಳಿಸಿದ ಮೇಲೆ ಊರ ಗೌಡರು ನೋಡಲು ಬಂದರು. ದೀಪದ ಬೆಳಕಿನಲ್ಲಿ ಹಳದಿಯೆಲ್ಲ ಬಿಳಿಚಿಕೊಂಡು, ನೀಲಿ ಮಸಿಯಾಗಿತ್ತು. ಮುಖವಂತೂ ಹುಬ್ಬು ಗಂಟಿಕ್ಕಿ ಗದರಿಸುವ ಹಾಗಿತ್ತು.

"ಏನಪಾ ಮಾನಪ್ಪ, ಗುರುಗಳನ್ನ ಬರಿ ಅಂದ್ರ ಸಿಟ್ಟಿಗೆದ್ದ ಫೌಜದಾರನ್ನ ಬರದು ಕುಂದ್ರಿಸೀಯಲ್ಲ!" ಎಂದರು ಗೌಡರು.

"ಚಿತ್ರದಾಗ ಐಬಿಲ್ರಿ ಗೌಡ್ರ. ನಾಕು ಪಂಜು ಹಚ್ಚಿಸ್ರಿ, ಆಮ್ಯಾಲ ನೋಡ್ರಿ."

"ನಿನ್ನ ಸಲುವಾಗಿ ಗುರುಗಳ ಕಟ್ಟಳಿ ಮುರಿಯೂದೇನು? ಆರಾಧನಿ ದಿನ ಬೆಳಿಗ್ಗೆ ಬರ್ತೀನಿ. ಹಿಂಗ ಇದ್ರ ಸುಣ್ಣ ಬಳಿಸಿಬಿಡ್ತೀನಿ, ನೋಡು."

ಮಾನಪ್ಪನ ಅಜ್ಜ ಮುತ್ತಜ್ಜರು ಬರೆದ ಯಾವ ಚಿತ್ರಕ್ಕೂ ಸುಣ್ಣ ಬಿದ್ದಿರಲಿಲ್ಲ. ಚಪ್ಪರಕ್ಕೆ ಓಡಿ ತಾಯಿಯವರ ಕಾಲು ಹಿಡಿದ.

"ಅವ್ವಾರ, ಆ ಒಂದು ದಿನ ಪಂಜಿಗೆ ಅಪ್ಪಣಿ ಕೊಡ್ರಿ. ನಮ್ಮ ಮನಿತನದ ಮಾನ ಉಳೀತೈತಿ."

ತಾಯಿಯವರು ಹತ್ತಿಯ ಬುಟ್ಟಿ ಎತ್ತಿಕೊಂಡು ಗವಿಯೊಳಗೆ ಹೋಗಿ ದೀಪದ ಮುಂದೆ ಕುಳಿತರು.

"ಬಾ ತಮ್ಮಾ, ಕೂಡು. ಇಲ್ಲಿಗೆ ನೀ ಬಿಸಿಲು ತಂದಿ. ಇಲ್ಲಿದ್ದ ಬೆಳಕಿನ ಕಡೆ ಒಮ್ಮಿಯಾದ್ರೂ ನೋಡಿದೇನು?"

ಮಾನಪ್ಪ ಕುಳಿತ. ಮೊದಲು ಬರೀ ಕತ್ತಲು, ಅದರೊಳಗೆ ಅವನ ಸಿಟ್ಟು. ತಾಯಿಯವರು ತಮ್ಮ ಪಾಡಿಗೆ ಬತ್ತಿ ಹೊಸೆಯುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಅವನ ಕಣ್ಣು ಅವರ ಮುಖದ ಮೇಲೆ ನಿಂತಿತು. ಬೆಳಕು ನೆಲದಿಂದ ಮೇಲಕ್ಕೇರಿ ಅವರ ಗದ್ದದ ಅಡಿಯನ್ನು, ಕೆನ್ನೆಯ ತಗ್ಗನ್ನು, ಹುಬ್ಬಿನ ಕೆಳಮಗ್ಗುಲನ್ನು ಮುಟ್ಟುತ್ತಿತ್ತು. ನೆರಳೆಲ್ಲ ಹಣೆಯ ಕಡೆಗೆ ಸರಿದಿತ್ತು. ತಾನು ಎಲ್ಲೆಲ್ಲಿ ಕಪ್ಪು ತುಂಬಿದ್ದನೋ ಅಲ್ಲೆಲ್ಲ ಇಲ್ಲಿ ಬೆಳಕು! ತಾಯಿಯವರ ಬಿಳಿ ಸೀರೆ ಕೆಂಡದ ಬಣ್ಣ ಹೊದ್ದಿತ್ತು. ಗುರುಗಳೂ ಇದೇ ದೀಪದ ಮುಂದೆ ಕುಳಿತವರು, ಭಕ್ತರು ಅವರನ್ನು ಕಂಡದ್ದೂ ಹೀಗೆಯೇ ಎಂಬುದು ಅವನಿಗೆ ಆಗ ಹೊಳೆಯಿತು.

"ಅವ್ವಾರ, ನಾ ನನ್ನ ಬಣ್ಣ ಬರದೇನಿ. ಗುರುಗಳನ್ನ ಬರೀಲಿಲ್ಲ" ಎಂದು ಅತ್ತ.

"ಅಳೂದು ಸಾಕು. ಬಣ್ಣ ಒಣಗ್ತಾವ" ಎಂದರು ತಾಯಿಯವರು.

ಅಂದಿನಿಂದ ಅವನು ಆ ದೀಪದ ಬೆಳಕಿನಲ್ಲೇ ಕೈಯಾಡಿಸಿದ. ನೀಲಿಯನ್ನು ಅಳಿಸಿ ಶಾಲಿಗೆ ಕಾವಿ ಹಚ್ಚಿದ. ಪ್ರಭಾವಳಿಯನ್ನು ಪೂರ್ತಿ ತೆಗೆದುಬಿಟ್ಟ. ನೆರಳನ್ನು ಹಣೆಗೆ ಏರಿಸಿ, ಗದ್ದದ ಕೆಳಗೆ ತೆಳುವಾಗಿ ಬಿಳಿ ಎಳೆದ.

ಆರಾಧನೆಯ ಬೆಳಿಗ್ಗೆ ಗೌಡರು ಸುಣ್ಣದ ಗಡಿಗೆ ಹೊರಿಸಿಕೊಂಡೇ ಬಂದರು. ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ಚಿಕ್ಕಂದಿನಲ್ಲಿ ಗುರುಗಳ ಕೈಯಿಂದ ಕಲ್ಲುಸಕ್ಕರೆ ಇಸಿದುಕೊಂಡು ತಿಂದವರು ಅವರು. ತಲೆಯ ರುಮಾಲು ತೆಗೆದು, ಗೋಡೆಯನ್ನೇ ನೋಡುತ್ತ, "ಆರಾಮ ಅದೀರಿ, ಅಪ್ಪಾರ?" ಎಂದರು. ಹಾಗೆ ಕೇಳಿದ್ದು ಅವರಿಗೇ ತಿಳಿದಂತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಶಾಲು ಹೊದಿಸಲೆಂದು ಎಲ್ಲರೂ ಚಿತ್ರಗಾರನನ್ನು ಹುಡುಕತೊಡಗಿದರು. ಮಾನಪ್ಪ ಭಕ್ತರ ಸಾಲಿನ ಕೊನೆಯಲ್ಲಿ, ಗವಿಯ ಮೂಲೆಗೆ ಕುಳಿತಿದ್ದ. ಆ ಚಿತ್ರವನ್ನು ಅದೇ ಮೊದಲ ಸಲ ಕಂಡವನಂತೆ ಅವನು ಕೈಮುಗಿದುಕೊಂಡಿದ್ದ. ಕರೆದರೂ ಅವನಿಗೆ ಕೇಳಿಸಲಿಲ್ಲ.