ಗಂಧಕದ ಹೊಗೆ

ಬಾಳವ್ವನ ದ್ರಾಕ್ಷಿಗೆ ಬೂದಿ ರೋಗ ಬಿತ್ತು. ಗೊಬ್ಬರದಂಗಡಿಯ ವಿರೂಪಾಕ್ಷಪ್ಪ ಕೊಟ್ಟ ಗಂಧಕದ ಪುಡಿಯನ್ನು ಬಿಸಿಲು, ಗಾಳಿ ನೋಡಿಯೇ ಹೊಡೆದಳು. ಆದರೂ ರೋಗ ನಿಲ್ಲಲಿಲ್ಲ, ಕಾಯೆಲ್ಲ ಬಿರಿದುಹೋದವು.

ಕೇಳಲು ಹೋದರೆ ಅವನು ಗಿರಾಕಿಗಳ ಮುಂದೆಯೇ ಗದರಿದ. "ನಿನಗ ಹೊಡಿಯಾಕ ಬರಂಗಿಲ್ಲ! ನನ್ನ ಮಾಲಿಗೆ ಹೆಸರಿಟ್ಟೀದಿ, ಇಲ್ಲೇ ಕೈಮುಗಿದು ತಪ್ಪಾತು ಅನ್ನು!"

ಬಾಳವ್ವನಿಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದ ಬೈಗುಳವನ್ನು ನುಂಗಿ, ಪಕ್ಕದ ಚಹಾದಂಗಡಿಯಿಂದ ಒಂದು ಕಬ್ಬಿಣದ ಬುಟ್ಟಿ ತುಂಬ ಕೆಂಡ ತಂದು ಅವನ ಮುಂದಿಟ್ಟಳು. ಅಲ್ಲೇ ಇದ್ದ ಗಂಧಕದ ಚೀಲ ಬಿಚ್ಚಿ ಬೊಗಸೆ ತುಂಬಿಕೊಂಡಳು.

"ಗಂಧಕ ಕೆಂಡಕ್ಕ ಬಿದ್ರ ಹೊಗಿಗೆ ಉಸಿರು ಕಟ್ಟತೈತಿ. ಎಲ್ಲಾರೂ ಹೊರಗ ಹೋಗ್ರಿ!"

ಗಿರಾಕಿಗಳು ಮೂಗು ಮುಚ್ಚಿಕೊಂಡು ಬೀದಿಗೆ ಓಡಿದರು. ವಿರೂಪಾಕ್ಷಪ್ಪ ಮಾತ್ರ ಎಲೆ ಅಡಿಕೆ ಮೆಲ್ಲುತ್ತ ಆರಾಮಾಗಿ ಕುಳಿತೇ ಇದ್ದ.

"ಯಾಕ್ರೀ ಸಾವ್ಕಾರ್ರ," ಬಾಳವ್ವ ಬೀದಿಗೆಲ್ಲ ಕೇಳುವಂತೆ ಕೂಗಿದಳು, "ಹೊಗಿ ಬರಂಗಿಲ್ಲಂತ ನಿಮಗೊಬ್ಬರಿಗೆ ಹೆಂಗ ಗೊತ್ತಾತು?"

ವಿರೂಪಾಕ್ಷಪ್ಪ ಬೆಚ್ಚಿ ಎದ್ದು ಮೂಗು ಮುಚ್ಚಿಕೊಂಡ. ಹೊತ್ತು ಮೀರಿತ್ತು. ಬಾಳವ್ವ ಪುಡಿ ಸುರಿದಳು. ಅದು ಉರಿಯಲಿಲ್ಲ, ನಾರಲಿಲ್ಲ. ಹಳದಿ ಮಣ್ಣಿನಡಿ ಕೆಂಡವೇ ಆರಿತು.

ಬೀದಿಯೆಲ್ಲ ನಕ್ಕಿತು. ಬಾಳವ್ವ ನಗಲಿಲ್ಲ.

"ನಡಿ ನನ್ನ ತ್ವಾಟಕ್ಕ," ಎಂದಳು. "ಬಿರಿದ ಒಂದೊಂದು ಗೊನಿಗೂ ಕೈಮುಗಿದು ತಪ್ಪಾತು ಅನ್ನು."